ಕೊಳಚೆ ನೀರಿನ ವರದಿಗೆ ನಾನು ಹಾಕದ ಸಹಿ

ಪಟ್ಟಣದ ಕೊಳಚೆ ನೀರಿನ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಶುದ್ಧೀಕರಣ ಘಟಕದ ನೀರು ಹೊಲಕ್ಕೆ ಹರಿಸಲು ಯೋಗ್ಯವೆಂದು ಸಾರುವ ವರದಿಯಲ್ಲಿರುವ ಸಹಿ ನನ್ನದಲ್ಲ. ಹಾಕಿದವರು ನನ್ನ ಹೆಸರಿನ ಕಾಗುಣಿತವನ್ನಾದರೂ ಸರಿಯಾಗಿ ಕಲಿತುಕೊಳ್ಳಬಹುದಿತ್ತು.

ನಾನು ಭಾರತೀನಗರದ ಪಂಪ್‌ಸೆಟ್ ಮೆಕ್ಯಾನಿಕ್ ಅಫ್ಸರ್ ಪಾಷಾ ಅವರ ಮಗಳು. ಪರಿಸರ ಎಂಜಿನಿಯರಿಂಗ್ ಓದಿ ನಿಮ್ಮ ಕಚೇರಿಗೆ ಗುತ್ತಿಗೆಯ ಮೇಲೆ ಸೇರಿದೆ. ಮೊದಲ ದಿನವೇ ನೀವು, "ಪರಿಸರ ತಾನೇ ಓದಿರೋದು? ಗಿಡ ಎಣಿಸಮ್ಮ" ಎಂದಿರಿ. ಎಣಿಸಿದೆ. ನೀವು ಭಾಷಣ ಮಾಡಿ ನೆಟ್ಟ ನಲವತ್ತರಲ್ಲಿ ಬದುಕಿದ್ದವು ಮೂರು. ಆಮೇಲೆ ಘಟಕದ ನೀರನ್ನು ಪರೀಕ್ಷೆಗೆ ಕಳಿಸೋಣ ಎಂದೆ. "ಹೋದ ವರ್ಷದ ಅಂಕಿಗೇ ಹೊಸ ತಾರೀಕು ಹಾಕು" ಎಂದಿರಿ. ನೀರಿಗೆ ಗಾಳಿ ಊದುವ ಮೋಟಾರು ಕೆಟ್ಟು ಆಗಲೇ ಎಂಟು ತಿಂಗಳಾಗಿತ್ತು. ನನ್ನ ಅಪ್ಪ ಅದನ್ನು ಅರ್ಧ ದಿನದಲ್ಲಿ ಸರಿಮಾಡುತ್ತಿದ್ದರು. ನಾನು ಸಹಿ ಹಾಕಲಿಲ್ಲ. ತಿಂಗಳ ಕೊನೆಗೆ ಕೆಲಸ ಹೋಯಿತು, ವರದಿ ಮಾತ್ರ ನನ್ನ ಹೆಸರಿನಲ್ಲೇ ಹೊರಬಂತು. ನನ್ನ ವಿದ್ಯೆ ಬೇಡವಾದವರಿಗೆ ನನ್ನ ಪದವಿ ಹೇಗೆ ಬೇಕಾಯಿತು?

ಇದು ನನಗೆ ಮೊದಲು ತಿಳಿದದ್ದು ದೇವಿರಮ್ಮನವರಿಂದ; ವರದಿಯ ಪ್ರತಿ ತರಿಸಿ ನೋಡಿದ್ದು ಆಮೇಲೆ. ಘಟಕದ ಕೆಳಗೆ, ಆ ನೀರಿನಲ್ಲೇ ಸೊಪ್ಪು ಬೆಳೆಯುವವರು ಅವರು. ದೂರು ಕೊಡಲು ಬಂದಾಗ ನೀವು ಆ ಕಾಗದ ತೋರಿಸಿ ಕಳಿಸಿದ್ದಿರಿ. ಸಂತೆಯಲ್ಲಿ ನನ್ನನ್ನು ತಡೆದು ಕೈ ಚಾಚಿದರು. ಬೆರಳ ಸಂದಿಯೆಲ್ಲ ಒಡೆದಿತ್ತು.

"ನೀರು ಚೆಂದಾಗೈತೆ ಅಂತ ನೀನೇ ಬರ್ಕೊಟ್ಟಿದ್ದೀಯಂತಲ್ಲವ್ವಾ. ಮತ್ತೆ ಇದ್ಯಾಕಿಂಗಾಯ್ತು?"

ನಾನು ಬರೆದಿಲ್ಲ ಎಂದೆ.

"ಎಲ್ರೂ ಅಂಗೇ ಅಂತಾರೆ ಬುಡು" ಎಂದು ಹೊರಟುಹೋದರು. ನಿಮ್ಮ ಗದರಿಕೆಗೆ ಬಾರದ ಅಳು ಅಂದು ಬಂತು.

ನನ್ನ ಹೊಟ್ಟೆಪಾಡಿನ ಚಿಂತೆ ನಿಮಗೆ ಬೇಡ. ಬಸರಾಳಿನ ಕಡೆಯ ಚಿಕ್ಕಬೋರಯ್ಯನವರು ತಮ್ಮ ಆಲೆಮನೆಯಲ್ಲಿ ಹಳೇ ಟೈರು ಉರಿಸುವುದನ್ನು ನಿಲ್ಲಿಸಬೇಕೆಂದು ನನ್ನನ್ನು ಕರೆಸಿದರು. ಒಲೆಗೆ ಗಾಳಿ ಹೋಗುವ ದಾರಿ ಬದಲಿಸಿ, ಒಣಗಿದ ಕಬ್ಬಿನ ಸಿಪ್ಪೆಯಲ್ಲೇ ಬೆಲ್ಲ ಬೇಯುವಂತೆ ಮಾಡಿದೆ. "ಒಗೆನೂ ಕಮ್ಮಿ ಆಯ್ತು, ನಮ್ ಆಳುಗಳ್ ಕೆಮ್ಮೂ ಕಮ್ಮಿ ಆಯ್ತು ಕಣವ್ವಾ" ಎಂದರು. ಈಗ ಮಳವಳ್ಳಿಯವರೆಗೆ ಆರು ಆಲೆಮನೆಗಳವರು ಕರೆದಿದ್ದಾರೆ. ಸುಸ್ಥಿರತೆಯ ಕೆಲಸ ಎಂದರೆ ಇದು. ನಿಮ್ಮ ಪರಿಸರ ದಿನದ ಭಾಷಣದಲ್ಲಿ ಆ ಪದ ಹನ್ನೊಂದು ಸಲ ಬಂತು. ಅರ್ಥವೇನೆಂದು ಯಾರನ್ನಾದರೂ ಕೇಳಲು ನಿಮಗೆ ಪುರುಸೊತ್ತಾಗಲಿಲ್ಲವೇ?

ಆ ವರದಿಯನ್ನು ಹಿಂತೆಗೆದುಕೊಳ್ಳಿ, ಮೋಟಾರು ರಿಪೇರಿ ಮಾಡಿಸಿ. ಆಮೇಲೆ ದೇವಿರಮ್ಮನವರ ಹೊಲಕ್ಕೆ ನೀವೇ ಹೋಗಿ, ಬೂಟು ಬಿಚ್ಚಿ ಆ ನೀರಿನಲ್ಲಿ ನಿಂತು, ಸಹಿ ಆ ಹುಡುಗಿಯದಲ್ಲ ಎಂದು ಹೇಳಿ. ಅವರು ನಿಮ್ಮನ್ನು ನಂಬುತ್ತಾರೆಂದು ನನಗೇನೂ ಭರವಸೆಯಿಲ್ಲ. ಆದರೂ ಹೋಗಿ.

ಇಂತಿ,
ದೇವಿರಮ್ಮನವರ ಪಾಲಿಗೆ ಇನ್ನೂ ಸುಳ್ಳು ಹೇಳಿದವಳಾಗಿಯೇ ಉಳಿದಿರುವ
ಯಾಸ್ಮಿನ್, ಪರಿಸರ ಎಂಜಿನಿಯರ್