ಬುಗುರಿಯ ದಾರ

ಸರಗೂರು

ಬೀಗರಾದ ಪುಟ್ಟಬಸಪ್ಪನವರಿಗೆ ಶರಣು.

ನೀವು ಮಿರ್ಲೆಯಿಂದ ವಾಪಸು ಕಳಿಸಿದ ಬುಗುರಿ ತಲುಪಿತು. “ಸತ್ತೋರ ಉಡ್ದಾರವ ಮಗೀಗೆ ಕೊಡ್ತಾರೇನ್ರೀ?” ಎಂದು ಬೀಗಿತ್ತಿ ಫೋನಿನಲ್ಲಿ ಬೈದದ್ದೂ ಸರಿಯೇ. ನಾವೆಲ್ಲ ಚಿಕ್ಕವರಿದ್ದಾಗ ಉಡದಾರ ಬಿಚ್ಚಿಯೇ ಬುಗುರಿ ಆಡಿದವರು. ನನ್ನ ಮಗನೂ ಹಾಗೇ ಆಡಿದ. ಅವನನ್ನು ಮಣ್ಣು ಮಾಡುವಾಗ ಸೊಂಟದಿಂದ ತೆಗೆದದ್ದನ್ನು ಬಿಸಾಡಲು ಕೈ ಬರಲಿಲ್ಲ. ಅವನ ಮಗ ಚಿನ್ನುವಿಗೆಂದು ಕಳಿಸುವ ಬುಗುರಿಗೆ ಸುತ್ತಿಬಿಟ್ಟೆ.

ಈಗ ಹೊಸ ದಾರ ಸುತ್ತಿ ಮತ್ತೆ ಕಳಿಸುತ್ತಿದ್ದೇನೆ. ನನ್ನ ಆಟಿಕೆ ಅಂಗಡಿಯ ಬ್ಯಾಟರಿ ಕಾರುಗಳು ವಾರದೊಳಗೆ ಕಣ್ಣು ಮುಚ್ಚುತ್ತವೆ. ಈ ಬುಗುರಿ ನಮ್ಮಪ್ಪನ ಕಾಲದ್ದು, ಇನ್ನೂ ನಿದ್ದೆ ಹೊಡೆದಂತೆ ನಿಂತು ತಿರುಗುತ್ತದೆ. ಚಿನ್ನುವಿಗೆ ಕೊಡಿ, ನನ್ನ ಹೆಸರು ಹೇಳದಿದ್ದರೂ ಸರಿ. ಬರಬೇಡಿ ಎಂದಿದ್ದೀರಿ, ಬರುವುದಿಲ್ಲ.

ಹಳೆಯ ದಾರದ ಭಯ ಬೇಡ. ಅದನ್ನು ನಾನೇ ಸೊಂಟಕ್ಕೆ ಕಟ್ಟಿಕೊಂಡಿದ್ದೇನೆ. ನನಗೆ ಆಗಬೇಕಾದ ಕೆಡುಕು ಇನ್ನೇನೂ ಬಾಕಿ ಇಲ್ಲ.

ಇಂತಿ,
ರುದ್ರಸ್ವಾಮಿ