ಸುನಂದಳ ಡ್ರೋನು

ಬೈರಕೂರು
ಶನಿವಾರ, ೧೭ ಜನವರಿ ೨೦೨೬

ನಾಯನಾ ವೆಂಕಟ,

ಹೇಗಿದ್ದೀಯಪ್ಪ? ಮಾಲೂರಿನ ಆ ಬಯಲಿನ ಚಳಿಯಲ್ಲಿ ಕಿವಿಗೆ ಏನಾದರೂ ಸುತ್ತಿಕೊಳ್ಳುತ್ತೀಯೋ ಇಲ್ಲವೋ. ಡ್ರೋನಿನ ಸಿಗ್ನಲ್ ಕೇಳುವ ನಿಮ್ಮ ಪೆಟ್ಟಿಗೆಗೆ ಅಡ್ಡ ಬರುತ್ತದೆ ಅಂತ, ಪರೀಕ್ಷೆ ಮುಗಿಯುವವರೆಗೆ ಫೋನು ಗೇಟಿನಲ್ಲೇ ಇಸಕೊಳ್ಳುತ್ತಾರೆ ಅಂತ ನೀನೇ ಹೇಳಿದ್ದೆ. ಆದರೂ ದಿನಾ ಸಂಜೆ ಫೋನು ಮಾಡಿ ನೋಡುತ್ತೇನೆ. ಸ್ವಿಚ್ ಆಫ್ ಅನ್ನುತ್ತದೆ, ಅದಕ್ಕೇ ಈ ಕಾಗದ. ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದರು, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಈಗ ಮನೆ ವಿಷಯ. ನೀನು ಹೋದ ಮೇಲೆ ನಿನ್ನ ಹೆಂಡತಿ ಮಹಿಳಾ ಸಂಘದವರ ಜೊತೆ ಹೋಗಿ, ಔಷಧಿ ಹೊಡೆಯುವ ಡ್ರೋನು ಹಾರಿಸುವುದನ್ನು ಕಲಿತು ಪಾಸಾಗಿ ಬಂದಳು. ನನಗೆ ಊಟ ಸೇರಲಿಲ್ಲ. ಗಂಡ ಡ್ರೋನು ಪತ್ತೆ ಮಾಡುವ ಇಂಜಿನಿಯರು, ಹೆಂಡತಿ ಹಾರಿಸುವವಳು, ನಿಮ್ಮ ಸಾಹೇಬರು ಏನಂದುಕೊಂಡಾರು, ನಿನ್ನ ಕೆಲಸಕ್ಕೇ ಕುತ್ತು ಬಂದರೆ? ಬೇಡ ಕಣೇ ಸುನಂದ ಅಂತ ಎಷ್ಟೋ ಹೇಳಿದೆ. "ಅತ್ತೆ, ಅವರು ಹುಡುಕೋದು ಕದ್ದು ಹಾರಿಸೋರ್‌ನ. ನನ್ ಹತ್ರ ಲೈಸೆನ್ಸ್ ಐತೆ. ಮಾವ ಇನ್ನೂ ಎಷ್ಟು ವರ್ಷ ಆ ಔಷಧಿ ಟ್ಯಾಂಕ್ ಬೆನ್ನಿಗೆ ಹೊರಬೇಕು?" ಅಂದಳು. ನಿಮ್ಮಪ್ಪನ ಸೊಂಟ ನಿನಗೆ ಗೊತ್ತೇ ಇದೆ.

ನಿನ್ನೆ ನಮ್ಮ ಮಾವಿನ ತೋಪಿನಲ್ಲೇ ಮೊದಲು ಹಾರಿಸಿದಳು. ನಾನು ಬರುವುದಿಲ್ಲ ಅಂದವಳು ಎಲ್ಲರಿಗಿಂತ ಮುಂಚೆ ಹೋಗಿ ನಿಂತಿದ್ದೆ. ಹೂ ಉದುರುತ್ತದೇನೋ, ಕೊಂಬೆಗೆ ಹೊಡೆಯುತ್ತದೇನೋ ಅಂತ ಒಂದೇ ಸಮ ಭಯ. ಅದು ಮರಗಳ ಮೇಲೆ ಮಂಜಿನ ಹಾಗೆ ಔಷಧಿ ಚೆಲ್ಲಿಕೊಂಡು ಹೋಯಿತಪ್ಪ. ನಿಮ್ಮಪ್ಪ ದೂರದ ಬದುವಿನ ಮೇಲೆ ಟವಲು ಹಾಸಿಕೊಂಡು ಕೂತು, "ಲೇ, ಟೀ ತಗೊಂಬಾ, ಸೊಸೆ ಔಸ್ದಿ ಹೊಡೀತಾವ್ಳೆ" ಅಂತ ನಕ್ಕರು. ಔಷಧಿ ಹೊಡೆಯುವ ದಿನ ಆ ಮನುಷ್ಯ ನಕ್ಕಿದ್ದು ಇದೇ ಮೊದಲು. ಡ್ರೋನು ಕೆಳಗಿಳಿದ ಮೇಲೆ ನಾನೇ ಅದಕ್ಕೆ ಅರಿಶಿನ ಕುಂಕುಮ ಇಟ್ಟೆ.

ಹಿತಕಿದ ಅವರೆಕಾಳು ಕಳಿಸಿದ್ದೇನೆ, ಇವತ್ತೇ ಬೇಯಿಸಿಕೊಂಡು ತಿನ್ನು. ಮುಳಬಾಗಿಲ ಆಂಜನೇಯ ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಮ್ಮ
ಅಕ್ಕಯಮ್ಮ

ತಾ.ಕ.: ಅಜ್ಮತುಲ್ಲಾ ಸಾಹೇಬರ ಟೊಮೆಟೊ ವ್ಯಾನು ಹಾರನ್ ಹೊಡೆಯುತ್ತಿದೆ, ಅವರೇ ಇದನ್ನು ನಿಮ್ಮ ಗೇಟಿಗೆ ಕೊಡುತ್ತಾರೆ. ಈ ಸಾಲುಗಳು ಸುನಂದಳಿಗೆ ಗೊತ್ತಿಲ್ಲ. ಸೋಮವಾರ ಬೆಳಗ್ಗೆ ನಿಮ್ಮ ಬಯಲಿನ ಪಕ್ಕದ ತೋಪಿಗೆ ಔಷಧಿ ಹೊಡೆಯಲು ಅವಳನ್ನೇ ಕರೆದಿದ್ದಾರೆ. ಪರ್ಮಿಷನ್ ಆಗಿದೆಯಂತೆ. ಹಾರಿಸುವವರು ಎಲ್ಲಿ ನಿಂತಿದ್ದಾರೆ ಅಂತಲೂ ಆ ಪೆಟ್ಟಿಗೆ ತೋರಿಸುತ್ತದೆ, ನಿಮ್ಮ ಮಗನೇ ನನ್ನನ್ನು ಹುಡುಕಿಕೊಂಡು ಬರಲಿ, ನೀವು ಹೇಳಬೇಡಿ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಹೇಳದೆ ಇರಲು ನನ್ನ ಕೈಲಿ ಆಗಲಿಲ್ಲ. ಸಿಗ್ನಲ್ ಕೆಡಿಸಿ ಡ್ರೋನು ಬೀಳಿಸಿಬಿಡಬೇಡಿ, ಅದು ನಿನ್ನ ಹೆಂಡತಿಯದು. ಏನೂ ಗೊತ್ತಿಲ್ಲದವನ ಹಾಗೆ ಹುಡುಕಿಕೊಂಡು ಹೋಗು. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೋಗು.