ತಿದ್ದದ ನಲುವತ್ತು ಪುಟಗಳು

ಪುತ್ತಿಗೆ, ಬುಧವಾರ

ಚಿರಂಜೀವಿ ಸಾಧನಾಳಿಗೆ ನಿನ್ನ ಹಳೆಯ ಕನ್ನಡ ಅಧ್ಯಾಪಕನ ಆಶೀರ್ವಾದ.

ನಮ್ಮ ಹಳೆಯ ಕಂಪ್ಯೂಟರಿನ ಅಲ್ಪ ಸ್ಮರಣಶಕ್ತಿಗೆ ತಕ್ಕ ಹೊಸ ಕಾರ್ಯವ್ಯವಸ್ಥೆಯನ್ನು, ನೀವು ಆಪರೇಟಿಂಗ್ ಸಿಸ್ಟಮ್ ಎನ್ನುವುದನ್ನು, ನೀನು ಹಾಕಿಕೊಟ್ಟೆ. ಯಂತ್ರ ಈಗ ಬೇಗನೆ ತೆರೆದುಕೊಳ್ಳುತ್ತದೆ. ಆ ಕುರಿತು ದೂರಿಲ್ಲ. ಆದರೆ ನನ್ನ ಮಡದಿ ಮನೋರಮಾ ಹಾಸಿಗೆ ಹಿಡಿದ ಮೇಲೆ ತನ್ನ ತಾಯಿಯ ವಿಚಾರವಾಗಿ ಹೇಳಿ ನನ್ನಿಂದ ಬರೆಯಿಸಿದ ನಲುವತ್ತು ಪುಟಗಳು ಹಳೆಯ ಫಾಂಟಿನಲ್ಲಿದ್ದವು. ಹೊಸ ವ್ಯವಸ್ಥೆಯಲ್ಲಿ ಆ ಫಾಂಟು ಇಲ್ಲ. ಈಗ ಆ ಪುಟಗಳಲ್ಲಿ ಕನ್ನಡದ ಒಂದಕ್ಷರವೂ ಇಲ್ಲ, ಅರ್ಥವಿಲ್ಲದ ಚಿಹ್ನೆಗಳ ಸಾಲುಗಳಿವೆ. ಇನ್ನೊಮ್ಮೆ ಹೇಳುವ ತ್ರಾಣ ಅವಳಲ್ಲಿಲ್ಲ.

ಇದನ್ನು ಅವಳಿಗೆ ತಿಳಿಸಿಲ್ಲ. ದಿನವೂ ಸಂಜೆ ಪರದೆಯ ಮುಂದೆ ಕುಳಿತು, ನೆನಪಿನಿಂದ ಹೇಳುತ್ತ ಓದಿದಂತೆ ನಟಿಸುತ್ತಿದ್ದೆ. ನಿನ್ನೆ ಅವಳು ತಡೆದಳು.

“ಇದು ನಾನು ಹೇಳಿದ್ದಲ್ಲ ಮಾರಾಯ್ರೇ. ನನ್ನ ಅಮ್ಮ ನಿಮ್ಮ ಹಾಗೆ ಪುಸ್ತಕದ ಮಾತು ಆಡಿದವರಾ? ಪುನಃ ತಿದ್ದಿದ್ರಾ?”

ಇಲ್ಲವೆಂದೆ. ಅವಳು ನಂಬದೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಒಂದು ಪದವನ್ನೂ ತಿದ್ದುವುದಿಲ್ಲವೆಂದು ಮೊದಲ ದಿನವೇ ಮಾತು ಕೊಟ್ಟಿದ್ದೆ. ಬಹಳ ಕಷ್ಟಪಟ್ಟು ಅದನ್ನು ಉಳಿಸಿಕೊಂಡಿದ್ದೆ.

ಆದಕಾರಣ ಶನಿವಾರದೊಳಗೆ ಮೂಡುಬಿದಿರೆಯ ನಿನ್ನ ಅಂಗಡಿಯಿಂದ ಒಂದು ಗಳಿಗೆ ಬಿಡುವು ಮಾಡಿಕೊಂಡು ಬಂದು ಆ ಫಾಂಟನ್ನು ಹಾಕಿಕೊಡು. ಅದಕ್ಕೆ ಹಳೆಯ ವ್ಯವಸ್ಥೆಯೇ ಬೇಕೆಂದಾದರೆ ಅದನ್ನೇ ಮರಳಿ ತಾ. ಯಂತ್ರ ಎಷ್ಟು ನಿಧಾನವಾದರೂ ಕಾಯುತ್ತೇನೆ. ಐವತ್ತು ವರ್ಷ ಅವಳ ಮಾತನ್ನು ತಿದ್ದಿದೆನೇ ಹೊರತು ಅವಳ ಹಾಗೆ ಮಾತನಾಡಲು ನಾನು ಕಲಿಯಲಿಲ್ಲ.

ನಿನ್ನ ದಾರಿ ನೋಡುತ್ತಿರುವ
ಶಾಂತಿಪ್ರಸಾದ